ಇಂಟರ್‌ಫೆರಾನ್ ಇದ್ದರೂ ಡೆಂಗಿ ಹೇಗೆ ಗೆಲ್ಲುತ್ತದೆ?

ಹೊಂಗೆನೆರಳು:
ಕಳೆದ ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಬಂದಿತ್ತು. ಈಗ ಆರಾಮಾಗಿದ್ದಾಳೆ. ಆಗಿನಿಂದ ಈ ವಿಷಯ ಓದುತ್ತಿದ್ದೇನೆ. ವೈರಸ್ ಹೊಕ್ಕ ಕೂಡಲೇ ಜೀವಕೋಶ ಇಂಟರ್‌ಫೆರಾನ್ ಬಿಡುತ್ತದೆ, ಅದರಿಂದ ವೈರಸ್ಸಿಗೆ ತಡೆ ಬೀಳುತ್ತದೆ ಎಂದು ಪುಸ್ತಕದಲ್ಲಿದೆ. ಮತ್ತೆ ಡೆಂಗಿ ಗೆಲ್ಲುವುದು ಹೇಗೆ? ಹೆಪಟೈಟಿಸ್ ಸಿ ಕಾಯಿಲೆಗೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರಂತೆ. ಡೆಂಗಿಗೆ ಯಾಕೆ ಕೊಡುವುದಿಲ್ಲ?

ಕೋಶಗೂಡು:
ಲ್ಯಾಬಿನಲ್ಲಿ ನನ್ನ ಕೆಲಸವೇ ಡೆಂಗಿ ವೈರಸ್ ಜೊತೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಇಂಟರ್‌ಫೆರಾನ್ ತಾನೇ ವೈರಸ್ಸನ್ನು ಕೊಲ್ಲುವುದಿಲ್ಲ. ಅದು ಊರಲ್ಲಿ ಸಾರುವ ಡಂಗುರ ಇದ್ದ ಹಾಗೆ. ಡೆಂಗಿಯ ಆರ್‌ಎನ್‌ಎ (ವೈರಸ್ಸಿನ ಆನುವಂಶಿಕ ವಸ್ತು) ನಕಲಾಗುವಾಗ ರಿಗ್-ಐ, ಎಂಡಿಎ5 ಎಂಬ ಪ್ರೋಟೀನುಗಳು ಅದನ್ನು ಗುರುತಿಸುತ್ತವೆ. ಆಗ ಕೋಶ ಇಂಟರ್‌ಫೆರಾನ್ ತಯಾರಿಸಿ ಹೊರಗೆ ಬಿಡುತ್ತದೆ. ಅದು ಅಕ್ಕಪಕ್ಕದ ಕೋಶಗಳ ರಿಸೆಪ್ಟರಿಗೆ, ಅಂದರೆ ಸಂಕೇತ ಹಿಡಿಯುವ ಪ್ರೋಟೀನಿಗೆ ಅಂಟಿದರೆ, ಒಳಗೆ ಸ್ಟ್ಯಾಟ್1 ಮತ್ತು ಸ್ಟ್ಯಾಟ್2 ಎಂಬ ಪ್ರೋಟೀನುಗಳು ಜೋಡಿಯಾಗಿ ನ್ಯೂಕ್ಲಿಯಸ್ ಸೇರಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತವೆ. ವೈರಸ್ಸನ್ನು ಕಟ್ಟಿಹಾಕುವುದು ಆ ಜೀನ್‌ಗಳಿಂದ ಬರುವ ಪ್ರೋಟೀನುಗಳು.

ಡೆಂಗಿ ಈ ದಾರಿಯ ಹಲವು ಕಡೆ ಕೈ ಹಾಕುತ್ತದೆ. ಕೋಶದ ಒಳಪೊರೆಯ ಮಡಿಕೆಗಳಲ್ಲಿ ಕೂತು ನಕಲಾಗುವುದರಿಂದ ಬೇಗ ಕಣ್ಣಿಗೆ ಬೀಳುವುದಿಲ್ಲ. ಸ್ಟಿಂಗ್ ಎಂಬ ಇನ್ನೊಂದು ಕಾವಲು ಪ್ರೋಟೀನನ್ನು ತನ್ನ ಪ್ರೋಟಿಯೇಸ್‌ನಿಂದ (ಪ್ರೋಟೀನು ಕತ್ತರಿಸುವ ಕಿಣ್ವ) ತುಂಡು ಮಾಡುತ್ತದೆ. ಆದರೆ ನನ್ನ ಪ್ರಕಾರ ಅದರ ದೊಡ್ಡ ಪಟ್ಟು ಎನ್‌ಎಸ್5 ಎಂಬ ಅದರದೇ ಪ್ರೋಟೀನು. ಇಡೀ ವೈರಸ್ಸಿಗೆ ಇರುವುದೇ 10 ಪ್ರೋಟೀನು. ಅದರಲ್ಲಿ ಆರ್‌ಎನ್‌ಎ ನಕಲು ಮಾಡುವುದು ಎನ್‌ಎಸ್5. ಅದೇ ಎನ್‌ಎಸ್5 ನಮ್ಮ ಸ್ಟ್ಯಾಟ್2 ಅನ್ನು ಹಿಡಿದು, ನಮ್ಮದೇ ಕೋಶದ ಯುಬಿಆರ್4 ಎಂಬ ಪ್ರೋಟೀನಿನ ನೆರವು ಪಡೆದು ನಾಶ ಮಾಡಿಸುತ್ತದೆ. ಆಮೇಲೆ ಎಷ್ಟು ಇಂಟರ್‌ಫೆರಾನ್ ಬಂದರೂ ಆ ಕೋಶಕ್ಕೆ ಕೇಳಿಸುವುದಿಲ್ಲ.

ಇಲ್ಲಿ ಇಲಿಯ ವಿಷಯ ಹೇಳಲೇಬೇಕು. ಎನ್‌ಎಸ್5ಗೆ ಇಲಿಯ ಸ್ಟ್ಯಾಟ್2 ಹಿಡಿಯಲು ಆಗುವುದಿಲ್ಲ. ಇದು ಗೊತ್ತಾಗಿದ್ದು 2010ರಲ್ಲಿ. ಸ್ಟಿಂಗ್ ಕೂಡ ಹಾಗೇ: ನಮ್ಮದು ತುಂಡಾಗುತ್ತದೆ, ಇಲಿಯದ್ದು ಆಗುವುದಿಲ್ಲ. ಹಾಗಾಗಿ ಸಾಮಾನ್ಯ ಇಲಿಯಲ್ಲಿ ಡೆಂಗಿ ಸರಿಯಾಗಿ ಬೆಳೆಯುವುದೇ ಇಲ್ಲ. ಅದಕ್ಕೇ ಔಷಧಿ ಪರೀಕ್ಷೆಗೆ ಹೆಚ್ಚಾಗಿ ಬಳಸುವ ಎಜಿ129 ಎಂಬ ತಳಿಯ ಇಲಿಗೆ ಇಂಟರ್‌ಫೆರಾನ್ ರಿಸೆಪ್ಟರುಗಳೇ ಇಲ್ಲ. ಮನುಷ್ಯನಲ್ಲಿ ವೈರಸ್ ಕಷ್ಟಪಟ್ಟು ಮುರಿಯುವ ಬಾಗಿಲನ್ನು ಅಲ್ಲಿ ನಾವೇ ತೆಗೆದಿಟ್ಟಿರುತ್ತೇವೆ. ಡೆಂಗಿಗೆ ಔಷಧಿ ಸಿಕ್ಕಿತು ಎಂಬ ಸುದ್ದಿ ಬಂದರೆ, ಪ್ರಯೋಗ ಯಾವ ಇಲಿಯಲ್ಲಿ ನಡೆಯಿತು ಎಂದು ದಯವಿಟ್ಟು ಮೊದಲು ನೋಡಿ.

ಮಲೆನಾಡಮಳೆ:
ಡೆಂಗಿ ರೋಗಿಗಳ ರಕ್ತದಲ್ಲಿ ಇಂಟರ್‌ಫೆರಾನ್ ಜಾಸ್ತಿಯೇ ಇರುತ್ತದೆ ಅಂತ ಓದಿದ್ದೆ. ವೈರಸ್ ಅದನ್ನು ತಡೆಯುತ್ತದೆ ಅಂದರೆ ಅಷ್ಟೊಂದು ಎಲ್ಲಿಂದ ಬಂತು?

ಕೋಶಗೂಡು:
ನೀವು ಓದಿದ್ದು ನಿಜ. ಎನ್‌ಎಸ್5 ಆಟ ನಡೆಯುವುದು ಸೋಂಕಾದ ಕೋಶದೊಳಗೆ ಮಾತ್ರ. ಹೊರಗೆ ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶಗಳು ಅಂತ ರೋಗನಿರೋಧಕ ಕೋಶಗಳಿವೆ. ಅವು ಸೋಂಕಾದ ಕೋಶಕ್ಕೆ ತಾಗಿ ನಿಂತು, ಟಿಎಲ್‌ಆರ್7 ಎಂಬ ರಿಸೆಪ್ಟರಿನ ಮೂಲಕ ವೈರಸ್ಸಿನ ಆರ್‌ಎನ್‌ಎ ಪತ್ತೆಮಾಡಿ ರಾಶಿ ಇಂಟರ್‌ಫೆರಾನ್ ಸುರಿಸುತ್ತವೆ. ತಮಗೆ ಸೋಂಕು ತಗುಲಲೇಬೇಕೆಂದಿಲ್ಲ. ಇನ್ನೂ ಸೋಂಕಾಗದ ಕೋಶಗಳು ಅದರಿಂದ ಉಳಿದುಕೊಳ್ಳುತ್ತವೆ.

ಹೊಂಗೆನೆರಳು ಅವರೇ, ಇಂಜೆಕ್ಷನ್ ಪ್ರಶ್ನೆಗೂ ಇದೇ ಉತ್ತರ. ಜ್ವರ ಬಂದು ಆಸ್ಪತ್ರೆಗೆ ಹೋಗುವ ಹೊತ್ತಿಗೆ ವೈರಸ್ ಹೆಚ್ಚುಕಡಿಮೆ ತುದಿ ಮುಟ್ಟಿರುತ್ತದೆ. ಇಂಟರ್‌ಫೆರಾನ್ ಆಗಲೇ ರಕ್ತದಲ್ಲಿದೆ. ಹೆಪಟೈಟಿಸ್ ಸಿ ವರ್ಷಗಟ್ಟಲೆ ಉಳಿಯುವ ಸೋಂಕು. ಅಲ್ಲಿ ತಿಂಗಳುಗಟ್ಟಲೆ ಚುಚ್ಚಲು ಸಮಯವಿತ್ತು. ಚುಚ್ಚಿಸಿಕೊಂಡ ಎಷ್ಟೋ ಜನಕ್ಕೆ ಅದರಿಂದಲೇ ಜ್ವರ, ಮೈಕೈ ನೋವು ಬರುತ್ತಿತ್ತು. ಡೆಂಗಿಯಲ್ಲಿ ಅಪಾಯದ ಘಟ್ಟ ಬರುವುದು ಜ್ವರ ಇಳಿಯುವಾಗ, ರಕ್ತನಾಳಗಳಿಂದ ದ್ರವ ಸೋರಿದಾಗ. ಅಷ್ಟರಲ್ಲಿ ರಕ್ತದಲ್ಲಿ ವೈರಸ್ ಕಡಿಮೆಯಾಗುತ್ತಾ ಬಂದಿರುತ್ತದೆ.