ಸಹಾಯ ಬೇಕು: ಪಾಸ್ತಾ ಎ ಚೇಚಿ ಆರಿದರೆ ಮುದ್ದೆಯಾಗುತ್ತೆ

ಇಟಲಿಯವರ ಕಾಬೂಲಿ ಕಡಲೆ ಪಾಸ್ತಾ ಮಾಡಿ ರೂಢಿ ಇರೋರು ದಯವಿಟ್ಟು ಹೇಳಿ. ಒಲೆ ಮೇಲಿದ್ದಾಗ ಹದ ಸರಿಯಾಗೇ ಇರುತ್ತೆ, 15 ನಿಮಿಷ ಬಿಟ್ಟರೆ ಬಿಸಿಬೇಳೆಬಾತ್‌ಗಿಂತ ಗಟ್ಟಿ. ಬಿಸಿನೀರು ಸುರಿದರೆ ರಸ ಬೇರೆ, ಪಾಸ್ತಾ ಬೇರೆ.

ಮೂರು ಜನಕ್ಕೆ ಅಳತೆ ಇದು. ಕಾಬೂಲಿ ಕಡಲೆ 150 ಗ್ರಾಂ, 12 ಗಂಟೆ ನೆನೆಸಿ, ಬೆರಳಲ್ಲಿ ಒತ್ತಿದರೆ ನುಣ್ಣಗಾಗೋವರೆಗೆ ಕುಕ್ಕರ್‌ನಲ್ಲಿ. ಬೇಯಿಸಿದ ನೀರು ಚೆಲ್ಲಲ್ಲ. ಆಲಿವ್ ಎಣ್ಣೆ 3 ಚಮಚ, ಜಜ್ಜಿದ ಬೆಳ್ಳುಳ್ಳಿ 3 ಎಸಳು, ರೋಸ್‌ಮೇರಿ ಒಂದು ಕಡ್ಡಿ. ಬೆಳ್ಳುಳ್ಳಿ ಕೆಂಪಾಗೋ ಮೊದಲೇ ಟೊಮೆಟೊ ಪೇಸ್ಟ್ ಒಂದೂವರೆ ಚಮಚ ಹಾಕಿ, ಇಟ್ಟಿಗೆ ಬಣ್ಣಕ್ಕೆ ತಿರುಗೋವರೆಗೆ ಹುರಿದದ್ದು. ಇಲ್ಲದಿದ್ದರೆ ಹಸಿ ಹುಳಿ ಉಳಿಯುತ್ತೆ. ಕಡಲೆಯಲ್ಲಿ ಮೂರರಲ್ಲೊಂದು ಪಾಲು ಮಸೆದು, ಬೆಂದ ನೀರೂ ಸೇರಿ 700 ಮಿ.ಲೀ. ಕುದಿಸಿ, 150 ಗ್ರಾಂ ದಿತಾಲಿನಿ (ಚಿಕ್ಕ ಕೊಳವೆ ಪಾಸ್ತಾ) ಅದರಲ್ಲೇ ಬೇಯಿಸಿದ್ದು.

ಇಳಿಸಿದ ಮೇಲೂ ಪಾಸ್ತಾ ನೀರು ಹೀರುತ್ತೆ, ಗೊತ್ತು. ಪ್ಯಾಕೆಟ್ ಮೇಲಿನ ಸಮಯಕ್ಕಿಂತ ಎಷ್ಟು ನಿಮಿಷ ಮುಂಚೆ ಇಳಿಸ್ತೀರಿ? ಮಸೆದ ಕಡಲೆ ಕೊನೆಗೆ ಹಾಕಿದರೆ ತಳ ಹಿಡಿಯೋದು ತಪ್ಪುತ್ತಾ?

ಇನ್ನೊಂದು. ದಕ್ಷಿಣ ಇಟಲಿಯ ಸಲೆಂತೊ ಕಡೆಯ ಕಡಲೆ-ಪಾಸ್ತಾ ಅಡುಗೆ ಚಿಚೇರಿ ಎ ತ್ರಿಯಾದಲ್ಲಿ ಸ್ವಲ್ಪ ಪಾಸ್ತಾ ಎಣ್ಣೆಯಲ್ಲಿ ಕರಿದು ಮೇಲೆ ಹಾಕ್ತಾರಲ್ಲ, ಅದು ಕೈಯಲ್ಲಿ ಲಟ್ಟಿಸಿದ ರವೆ ಹಿಟ್ಟಿನದ್ದು. ಅಂಗಡಿಯ ಒಣ ಪಾಸ್ತಾ ನೇರ ಕರಿದರೆ ಕಲ್ಲಿನಂತಾಗುತ್ತೆ. ಬೇಯಿಸಿ, ಒರೆಸಿ ಕರಿದವರು ಇದ್ದೀರಾ?

ಪಾರ್ಮಿಜಾನೊ ಚೀಸ್ ಸಲಹೆ ಬೇಡ, ಅದರಲ್ಲಿ ಕರುವಿನ ರೆನೆಟ್ (ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆಯೋ ಕಿಣ್ವ) ಇರುತ್ತೆ.