ಸಹಾಯ ಬೇಕು: ಹಿರಿಯರಿಗೆ ಮಾತ್ರ ಅನ್ನುವ ಬಡಾವಣೆಯಲ್ಲಿ ಮನೆ ತಗೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. 55 ದಾಟಿದವರು ಮಾತ್ರ ಇರಬಹುದಾದ ಬಡಾವಣೆಯಲ್ಲಿ ಒಂದು ಮನೆ ನೋಡಿದ್ದೇವೆ. ನನಗೂ ನಮ್ಮ ಮನೆಯವರಿಗೂ ತುಂಬಾ ಹಿಡಿಸಿದೆ. ಮೆಟ್ಟಿಲಿಲ್ಲ, ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು ಅಗಲದ ಬಾಗಿಲು, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ. ಮಾತಿಗೆ ನಮ್ಮ ವಯಸ್ಸಿನ ಜನ ಸಿಗುತ್ತಾರೆ ಅನ್ನೋದೇ ದೊಡ್ಡ ಆಸೆ.

ಆದರೆ ಅಲ್ಲಿನ ನಿಯಮ ಓದಿದ ಮೇಲೆ ಮನಸ್ಸು ಹಿಂದೇಟು ಹಾಕುತ್ತಿದೆ. ಮೊಮ್ಮಕ್ಕಳು ಬಂದರೆ ಇಂತಿಷ್ಟೇ ದಿನ ಇರಬಹುದಂತೆ. ನಮ್ಮ ನಂತರ ಮನೆ ಮಗಳಿಗೆ ಬರುತ್ತದೆ, ಆದರೆ ಆ ವಯಸ್ಸಾಗುವ ತನಕ ಅವಳು ಅಲ್ಲಿ ವಾಸ ಮಾಡುವಂತಿಲ್ಲ. ಮಾರೋಣ ಅಂದರೆ, ಬಂದು ಇರುವವರೂ ಹಿರಿಯರೇ ಆಗಿರಬೇಕು. ಗಿರಾಕಿ ಸಿಗುವ ತನಕ ಖಾಲಿ ಮನೆಗೂ ತಿಂಗಳ ನಿರ್ವಹಣಾ ಶುಲ್ಕ ಅವಳೇ ಕಟ್ಟಬೇಕು. ಇದೇ ನನಗೆ ಜಾಸ್ತಿ ಚಿಂತೆ.

ಅಲ್ಲಿ ನರ್ಸ್ ಸೌಲಭ್ಯವೂ ಇಲ್ಲ. ಹಾಸಿಗೆ ಹಿಡಿದರೆ ಮತ್ತೆ ಬೇರೆ ಕಡೆ ಹೋಗಬೇಕು ಅಲ್ವಾ?

ಇಂಥ ಕಡೆ ಇರುವವರು, ಇದ್ದು ಬಂದವರು ದಯವಿಟ್ಟು ಹೇಳಿ. ಬಡಾವಣೆ ನೋಡಿಕೊಳ್ಳುವ ನಿವಾಸಿಗಳ ಸಂಘದ ಲೆಕ್ಕಪತ್ರದಲ್ಲಿ ಏನೇನು ನೋಡಬೇಕು? ದೊಡ್ಡ ರಿಪೇರಿಗೆ ಹಣ ಕೂಡಿಟ್ಟಿದ್ದಾರಾ ಅಂತ ಹೇಗೆ ತಿಳಿಯೋದು? ಮೊದಲು ಅಲ್ಲೇ ಬಾಡಿಗೆಗಿದ್ದು ನೋಡೋದು ಒಳ್ಳೆಯದಾ?