ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿ (ಬ್ರಿಟಿಷ್ ಸೈನ್ಯದ ಹಳೇ ಸ್ಮಶಾನ) ಗೇಟ್ ವಿಷಯ: ಇವತ್ತೇ ದೂರು ಕೊಡಬೇಕು

ಗೇಟ್ ಎದುರಿನ ಮನೆ, ಬೆಳಿಗ್ಗೆ 5:52
ರಾತ್ರಿ ಪೂರ್ತಿ ಕಣ್ಣು ಮುಚ್ಚಿಲ್ಲ. ಹನ್ನೆರಡೂವರೆಗೆ ನಾಲ್ಕು ಬೈಕು ಬಂದವು, ಆಮೇಲೆ ಇನ್ನೆರಡು. ಗೋಡೆ ಹಾರಿ ಒಳಗೆ ಹೋದರು. ಸ್ಪೀಕರ್ ಹಾಕಿ ಯಾರದೋ ಹುಟ್ಟುಹಬ್ಬ. ಮೂರು ಗಂಟೆ ತನಕ ಕೂಗಾಟ. ಈಗ ಒಳಗೆ ಹೋಗಿ ನೋಡಿ ಬಂದೆ. ಹಿಂದಿನ ಸಾಲಿನಲ್ಲಿ ಆ ಮಗುವಿನ ಸಮಾಧಿ ಇದೆಯಲ್ಲ, ಅದರ ಮೇಲೆ ಕೇಕ್ ಕತ್ತರಿಸಿದ್ದಾರೆ. ಕ್ರೀಮು ಗಾರೆಗೆ ಮೆತ್ತಿಕೊಂಡಿದೆ, ಇರುವೆ ಮುತ್ತಿವೆ. ಮೂಲೆಯಲ್ಲಿ ಒಂದು ಹಿಡಿಯಷ್ಟು ಗಾರೆ ಕಿತ್ತು ಬಂದಿದೆ. ಸುತ್ತ ಬಾಟಲಿ ಚೂರು. ಇಷ್ಟು ದಿನ ಸುಮ್ನಿದ್ದೆ, ಇನ್ನು ಆಗಲ್ಲ. ಎಲ್ಲರೂ ಸಹಿ ಹಾಕಿ. ರಾತ್ರಿ ಗಸ್ತು ಬೇಕು ಅಂತ ಬರೆದುಕೊಡೋಣ.

ಮೂಲೆ ಮನೆ, 6:20
ಅಯ್ಯೋ ಅಕ್ಕ. ನಮ್ಮ ಮಗೂನೂ ಎದ್ದು ಅತ್ತಿತು. ನನ್ನ ಸಹಿ ಇದೆ.

ಮಹಡಿ ಮನೆ, 6:24
ಗೇಟಿನ ಬೀಗ ಮುರಿದಾಗಲೇ ನಾನು ಹೇಳಿದ್ದೆ. ಯಾರೂ ಕೇಳಲಿಲ್ಲ.

ಮಹಡಿ ಮನೆ, 6:25
ಇದಕ್ಕೆಲ್ಲ ಕಾರಣ ರೀಲ್ಸ್. ಹೊಳೆ ದಡದ ಹಳೇ ಸ್ಕಾಟ್ ಬಂಗಲೆಯಲ್ಲಿ ದೆವ್ವ ಅಂತ ವಿಡಿಯೊ ಹಾಕಿದ್ದು ಯಾರು? ನಮ್ಮ ರಸ್ತೆಯ ಹುಡುಗರೇ.

ಅಂಗಡಿ ಮನೆ, 6:31
ನನ್ನ ಮಗನ ಬಗ್ಗೆ ಹೇಳೋದಾದ್ರೆ ನೇರವಾಗಿ ಹೇಳಿ ಸಾರ್. ಅವನು ವಿಡಿಯೊ ಮಾಡಿದ್ದು ಹಗಲಲ್ಲಿ, ಬಂಗಲೆ ಹತ್ತಿರ. ಸಿಮೆಟ್ರಿ ಒಳಗೆ ಕಾಲಿಟ್ಟಿಲ್ಲ. ಗೋಡೆ ಪಕ್ಕ ಕಸ ಸುರಿದು ಹತ್ತೋಕೆ ದಿಬ್ಬ ಮಾಡಿಕೊಟ್ಟವರು ಯಾರು ಅದನ್ನೂ ಹೇಳಿ.

ಮಹಡಿ ಮನೆ, 6:33
ಅದು ಕಸ ಅಲ್ಲ, ನಮ್ಮ ಮನೆ ಕೆಲಸದ ಮಣ್ಣು. ತೆಗೆಸ್ತೀನಿ ಅಂದಿದ್ದೀನಲ್ಲ.

ಹಿಂದಿನ ರಸ್ತೆ, 6:40
ಫಾರ್ವರ್ಡ್: ಅಮಾವಾಸ್ಯೆ ರಾತ್ರಿ ಕ್ಯಾಮೆರಾದಲ್ಲಿ ಸೆರೆಯಾದ ಬಿಳಿ ಸೀರೆ!! ಹತ್ತು ಜನಕ್ಕೆ ಕಳಿಸಿ.

ಮೂಲೆ ಮನೆ, 6:41
ಈಗ ಇದು ಬೇಕಿತ್ತಾ?

ಹಿಂದಿನ ರಸ್ತೆ, 6:44
ತಮಾಷೆಗೆ ಹಾಕಿದೆ ಬಿಡಿ. ಅಲ್ಲಾ, ಟಿಪ್ಪು ಮೇಲೆ ಯುದ್ಧಕ್ಕೆ ಬಂದವರ ಗೋರಿಗೆ ನಾವು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು?

ಮೇಷ್ಟ್ರು, 7:05
ಯುದ್ಧಕ್ಕೆ ಬಂದವರು ಇದ್ದಾರೆ, ನಿಜ. 1799ರ ಮೇ 4ಕ್ಕೆ ಕೋಟೆ ಬಿತ್ತು. ಆದರೆ ಬ್ರಿಟಿಷರ ಸೈನ್ಯ ಆಮೇಲೂ ಇಲ್ಲೇ ಉಳಿಯಿತು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು. ನಮ್ಮ ಊರಿನ ಜ್ವರ ಅವರನ್ನು ಬಿಡಲಿಲ್ಲ. ಅದಕ್ಕೇ 1809ರಲ್ಲಿ ಇಲ್ಲಿಂದ ಸೈನ್ಯ ಎತ್ತಿಕೊಂಡು ಬೆಂಗಳೂರಿಗೆ ಹೋದರು. ಬೆಂಗಳೂರಿನಲ್ಲಿ ದಂಡು, ಕಂಟೋನ್ಮೆಂಟ್ ಅಂತೀವಲ್ಲ, ಅದು ಹುಟ್ಟಿದ್ದು ಹಾಗೆ. ಒಳಗಿರುವುದು 300ಕ್ಕೂ ಹೆಚ್ಚು ಸಮಾಧಿ. ಒಂದೊಂದು ಕಲ್ಲಿನ ಮೇಲೆ ವಯಸ್ಸು ಓದಿ ನೋಡಿ, ಹೊಟ್ಟೆ ಕಿವುಚುತ್ತದೆ. ಇಂಗ್ಲಿಷರು ಮಾತ್ರ ಅಲ್ಲ, ಡಿ ಮ್ಯೂರಾನ್ ಅನ್ನೋ ಬಾಡಿಗೆ ಪಡೆಯ ಸ್ವಿಸ್ ಜನರೂ ಇದ್ದಾರೆ. ಮೊದಲು ಡಚ್ಚರ ಸಂಬಳಕ್ಕಿದ್ದವರು, 1795ರಲ್ಲಿ ಬ್ರಿಟಿಷರ ಕಡೆ ಸೇರಿದವರು. ಡಿ ಮ್ಯೂರಾನ್ ವಂಶದವರು ಅಷ್ಟು ದೂರದಿಂದ ಬಂದು ಈ ಜಾಗ ದುರಸ್ತಿ ಮಾಡಿಸಿದ್ದರು. ನಾವು ಗೋಡೆ ಪಕ್ಕದಲ್ಲೇ ಇದ್ದೀವಿ.

ಮಹಡಿ ಮನೆ, 7:09
ಸರಿ, ಮುರಿದಿದ್ದು ನಾನು ಸರಿ ಮಾಡಿಸ್ತೀನಿ. ನಮ್ಮನೇಲಿ ಎರಡು ಮೂಟೆ ಸಿಮೆಂಟ್ ಉಳಿದಿದೆ. ಮಧ್ಯಾಹ್ನಕ್ಕೇ ಗಾರೆಯವನನ್ನು ಕಳಿಸ್ತೀನಿ.

ಮೇಷ್ಟ್ರು, 7:12
ದಯವಿಟ್ಟು ಬೇಡ. ಅದು ಸುಣ್ಣದ ಗಾರೆ, ಉಸಿರಾಡುತ್ತದೆ. ಮೇಲೆ ಸಿಮೆಂಟ್ ಹಚ್ಚಿದರೆ ಒಳಗಿನ ತೇವ ಹೊರಗೆ ಬರಲ್ಲ, ಹಳೇ ಗಾರೆ ಪುಡಿಯಾಗುತ್ತದೆ. ಆಸಿಡ್, ತಂತಿ ಬ್ರಷ್ ಕೂಡ ಬೇಡ, ಅಕ್ಷರ ಸವೆದು ಹೋಗುತ್ತವೆ. ಓದೋಕೆ ಆಗದಿದ್ದರೆ ಸಂಜೆ ಪಕ್ಕದಿಂದ ಟಾರ್ಚ್ ಬಿಡಿ, ಎದ್ದು ಕಾಣುತ್ತವೆ.

ಗೇಟ್ ಎದುರಿನ ಮನೆ, 7:15
ದೂರಿನ ಕಾಗದ ಬರೆದಿದ್ದೇನೆ. ಸಹಿ ಹಾಕೋಕೆ ಬನ್ನಿ.

ಮಹಡಿ ಮನೆ, 7:18
ಒಂದು ನಿಮಿಷ. ಸ್ಮಾರಕ ಹಾಳಾಗಿದೆ ಅಂತ ಬರೆದರೆ ಪುರಾತತ್ವ ಇಲಾಖೆಯವರು ಅಳತೆ ಮಾಡೋಕೆ ಬರ್ತಾರೆ. 100 ಮೀಟರ್ ಒಳಗೆ ಕಟ್ಟೋ ಹಾಗಿಲ್ಲ, ಆಚೆ 200 ಮೀಟರ್‌ಗೆ ಅನುಮತಿ ಬೇಕು. ನನ್ನ ಎರಡನೇ ಮಹಡಿ ಅರ್ಧದಲ್ಲಿದೆ.

ಮೇಷ್ಟ್ರು, 7:20
ಆ ಕಾನೂನು ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ. ಇದು ಯಾವ ಪಟ್ಟಿಯಲ್ಲಿದೆ ಅಂತ ಮೊದಲು ಕೇಳೋಣ.

ಅಂಗಡಿ ಮನೆ, 7:22
ಕೇಳೋದೇ ಬೇಡ ಮೇಷ್ಟ್ರೇ. ಕೇಳಿದರೆ ತಾನೇ ಅವರಿಗೆ ನೆನಪಾಗೋದು. ನಮ್ಮದೂ ಶೀಟ್ ಬಿಚ್ಚಿ ಆರ್‌ಸಿಸಿ ಹಾಕಬೇಕು ಅಂತಿದ್ದೀವಿ. ಈ ವಿಷಯದಲ್ಲಿ ಸಾರ್ ಹೇಳೋದು ಸರಿ.

ಮೂಲೆ ಮನೆ, 7:30
ಅಕ್ಕ, ಬೇಜಾರು ಮಾಡ್ಕೋಬೇಡಿ. ನಮ್ಮ ಮಾವನೂ ಈಗ ಸಹಿ ಬೇಡ ಅಂತಿದ್ದಾರೆ.

ಮಹಡಿ ಮನೆ, 7:34
ನಿಜವಾದ ತೊಂದರೆ ಕತ್ತಲು. ಗೇಟ್ ಹತ್ತಿರದ ಕಂಬದಲ್ಲಿ ಲೈಟ್ ಉರೀತಿಲ್ಲ. ಬೆಳಕಿದ್ದರೆ ಯಾರೂ ಗೋಡೆ ಹಾರಲ್ಲ. ಬೀದಿ ದೀಪಕ್ಕೆ ಅರ್ಜಿ ಕೊಡೋಣ, ಸಿಮೆಟ್ರಿ ಹೆಸರೇ ಎತ್ತೋದು ಬೇಡ.

ಹಿಂದಿನ ರಸ್ತೆ, 7:36
ನಮ್ಮ ರಸ್ತೆಯ ಮೂರು ದೀಪಾನೂ ಸೇರಿಸಿ.

ಅಂಗಡಿ ಮನೆ, 7:37
ನಮ್ಮ ಮನೆ ಮುಂದಿನದೂ.

ಗೇಟ್ ಎದುರಿನ ಮನೆ, 10:48
ಲೈಟ್ ಅರ್ಜಿಗೆ ನಾನೂ ಸಹಿ ಹಾಕ್ತೀನಿ. ಗಸ್ತಿನ ಕಾಗದ ನನ್ನ ಒಬ್ಬಳ ಹೆಸರಲ್ಲೇ ಕೊಡ್ತೀನಿ, ಗಲಾಟೆ ಅಂತ ಮಾತ್ರ ಬರೀತೀನಿ. ಬೆಳಿಗ್ಗೆ ಮೇಷ್ಟ್ರೂ ನಾನೂ ಚೂರು ಆರಿಸಿದೆವು, ಒಂದು ಬಕೆಟ್ ತುಂಬಿತು. ಕ್ರೀಮನ್ನು ಬರೀ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಿದೆ. ಕಿತ್ತು ಬಂದ ಗಾರೆಯನ್ನು ಕಾಗದದಲ್ಲಿ ಸುತ್ತಿ ನಮ್ಮ ಬೀರುವಿನಲ್ಲಿ ಇಟ್ಟಿದ್ದೇನೆ. ಸುಣ್ಣದ ಕೆಲಸ ಗೊತ್ತಿರುವವರು ಬಂದಾಗ ಕೊಡುತ್ತೇನೆ. ಅಲ್ಲಿ ತನಕ ಆ ಸಾಲಿಗೆ ಯಾರೂ ಮಕ್ಕಳನ್ನು ಬರಿಗಾಲಲ್ಲಿ ಕರೆದುಕೊಂಡು ಹೋಗಬೇಡಿ. ಹುಲ್ಲಿನಲ್ಲಿ ಇನ್ನೂ ಚೂರಿದೆ.

ಮಹಡಿ ಮನೆ, 10:55
ಕಂಬದ ನಂಬರ್ ಯಾರಾದ್ರೂ ಫೋಟೊ ತೆಗೆದು ಹಾಕಿ.